ಜಡಿಮಳೆಯಲ್ಲಿ ಬತ್ತಿದ ನಲ್ಲಿ

ಏಪ್ರಿಲ್ ತಿಂಗಳಲ್ಲಿ ಮೂರು ದಿನ ಬಿಡದೆ ಮಳೆ ಹೊಯ್ಯುವುದನ್ನು ನಾನು ಮೊದಲು ಕಂಡದ್ದು ಟಾಂಜಾನಿಯಾದಲ್ಲಿ. ನಮ್ಮ ಕೊಡಗಿನಲ್ಲಿ ಅದು ಮಕ್ಕಳಿಗೆ ಬೇಸಿಗೆ ರಜೆ, ಕಾಫಿ ಹೂವರಳಿಸುವ ಹೂಮಳೆ ತಡವಾದ ವರ್ಷ ದೊಡ್ಡವರು ಮೋಡ ನೋಡುತ್ತಾ ಕೂರುವ ಕಾಲ. ಅಲ್ಲಿ ಅದೇ ತಿಂಗಳು ‘ಮಸಿಕಾ’, ಅಂದರೆ ದೊಡ್ಡ ಮಳೆಗಾಲ. ಅಂಥ ಮಳೆಯ ಮೂರನೆಯ ದಿನ ಬೆಳಿಗ್ಗೆ, ಒಂದು ಅನಾಥಾಶ್ರಮದ ಅಡುಗೆಮನೆಯಲ್ಲಿ, ಏಳು ವರ್ಷದ ನೀಮಾ ಖಾಲಿ ಚೊಂಬು ಹಿಡಿದು ನನ್ನ ಅವ್ವನ ಸೆರಗು ಎಳೆದಳು. “ಬೀಬಿ, ಹಾಕುನಾ ಮಾಜಿ.” ಅಜ್ಜಿ, ನೀರಿಲ್ಲ.

ನಾನು ಹೋಗಿ ನಲ್ಲಿ ತಿರುಗಿಸಿದೆ. ಮೊದಲು ಕೆಂಪು ನೀರು ಬಂತು, ಆಮೇಲೆ ಗಾಳಿ, ಆಮೇಲೆ ಏನೂ ಇಲ್ಲ. ಹೊರಗೆ ಸೂರಿನಿಂದ ಕೊಡ ಕೊಡ ನೀರು ಇಳಿಯುತ್ತಿತ್ತು. ಅದರ ಅರ್ಥವೇನೆಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ನಾನು ಮಾಡಿದ್ದೇನು ಎಂಬುದನ್ನು ಹೇಳಲೆಂದೇ ಇದನ್ನು ಬರೆಯುತ್ತಿದ್ದೇನೆ.

ನನ್ನ ಗಂಡ ಪ್ರದೀಪ ಅಲ್ಲಿನ ಒಂದು ಕಾಫಿ ಎಸ್ಟೇಟಿನಲ್ಲಿ ಮ್ಯಾನೇಜರು. ಕಿಲಿಮಂಜಾರೋ ತಪ್ಪಲಿನ ಆ ಎಸ್ಟೇಟಿಗೆ ನಾವು ಹೋಗಿ ಎರಡು ವರ್ಷವಾಗಿತ್ತು. ಕಾಫಿಯೇನೋ ಕಾಫಿಯೇ, ಆದರೆ ಅದರ ನೆರಳಿಗೆ ಬಾಳೆ. ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿಯಿಲ್ಲದ ತೋಟ ನನ್ನ ಕಣ್ಣಿಗೆ ಬಹಳ ದಿನ ಬಟ್ಟೆ ತೊಡದವರ ಹಾಗೆ ಕಾಣುತ್ತಿತ್ತು. ಮಂಗಳೂರಿನಲ್ಲಿ ಎಂ.ಎ. ಮಾಡಿದ್ದ ನನ್ನ ಇಂಗ್ಲಿಷ್ ಸಂತೆಯಲ್ಲಿ ಒಂದು ಕಟ್ಟು ಸೊಪ್ಪು ಕೊಳ್ಳಲೂ ಸಾಲಲಿಲ್ಲ. ಹಿರಿಯರು ಎದುರಾದರೆ ಕಿರಿಯರು ಮೊದಲು ‘ಶಿಕಾಮೂ’ ಎನ್ನಬೇಕು, ಅವರು ‘ಮರಹಬಾ’ ಎಂದು ಒಪ್ಪಿಸಿಕೊಳ್ಳಬೇಕು. ಇದು ಗೊತ್ತಿಲ್ಲದೆ ಮೊದಲ ಆರು ತಿಂಗಳು ನಾನು ಊರಿನ ಅಜ್ಜಿಯರಿಗೆಲ್ಲ ಸೊಕ್ಕಿನ ಹೆಂಗಸಾಗಿದ್ದೆ. ಸೊಪ್ಪು ಮಾರುವ ಮುದುಕಿಗೆ ಒಂದು ದಿನ ನಾನಾಗಿಯೇ ಶಿಕಾಮೂ ಹೇಳಿದಾಗ ಅವಳು ನನ್ನ ಕೈ ಹಿಡಿದು ಬಿಡಲೇ ಇಲ್ಲ. ಮನೆಗೆ ಬಂದು ಅತ್ತುಬಿಟ್ಟೆ.

ಹಗಲೆಲ್ಲ ಮನೆಯಲ್ಲಿ ಒಬ್ಬಳೇ. ಎಸ್ಟೇಟಿನ ಪಕ್ಕದಲ್ಲೇ ಗುಡ್ಡ ಕಡಿದು ಕಟ್ಟಿದ್ದ ಆ ಆಶ್ರಮಕ್ಕೆ ವಾರಕ್ಕೆರಡು ದಿನ ಹೋಗತೊಡಗಿದೆ. ಹದಿನೆಂಟು ಮಕ್ಕಳು, ಗುಡ್ಡದ ಒರತೆಯಿಂದ ಪೈಪಿನಲ್ಲಿ ಬರುವ ನೀರು. ದೂರದ ದೇಶಗಳಿಂದ ಕಾಲೇಜು ಹುಡುಗ ಹುಡುಗಿಯರು ಬಂದು, ಆಶ್ರಮಕ್ಕೆ ದುಡ್ಡು ಕೊಟ್ಟು, ಎರಡು ವಾರ ಮಕ್ಕಳ ಜೊತೆ ಆಡಿ, ಅತ್ತು ಹೋಗುತ್ತಿದ್ದರು. ನನ್ನ ಕೆಲಸ ಬರವಣಿಗೆ. ಆಶ್ರಮದ ನಿರ್ದೇಶಕರು ಹೇಳಿದ್ದನ್ನು ಚೆಂದದ ಇಂಗ್ಲಿಷಿನಲ್ಲಿ ಬರೆದು, ದಾನಿಗಳಿಗೆ ಕೊಡುವ ಹಾಳೆಯಲ್ಲಿ ಪ್ರತಿ ಮಗುವಿನ ಫೋಟೋದ ಕೆಳಗೆ ಹಾಕುವುದು. ‘ತಂದೆ ತಾಯಿ ಇಬ್ಬರನ್ನೂ ಕಳೆದುಕೊಂಡ ನೀಮಾಳಿಗೆ ನಗುವುದೆಂದರೆ ಇಷ್ಟ’ ಎಂದು ಬರೆದವಳು ನಾನೇ. ನಿಜವೇ ಎಂದು ಒಮ್ಮೆಯೂ ಕೇಳಲಿಲ್ಲ.

ಆ ಬೇಸಿಗೆಗೆ ಅವ್ವ ನಾಪೋಕ್ಲಿನ ಚಿಕ್ಕಮ್ಮನ ಮನೆಯಿಂದ ಬಂದಳು. ಅವಳು ವಿಮಾನ ಹತ್ತಿದ್ದು ಅದೇ ಮೊದಲು. ಬಂದ ಎರಡನೆಯ ದಿನವೇ ಜೋಳದ ಹಿಟ್ಟಿನ ಮುದ್ದೆ ‘ಉಗಾಲಿ’ಯನ್ನು ಚಿವುಟಿ ಬಾಯಿಗಿಟ್ಟು, “ಇದ್ಕೆ ಉಪ್ಪೂ ಇಲ್ಲೆ, ಖಾರನೂ ಇಲ್ಲೆ. ಪಾಪ, ಇವ್ಕೆ ಯಾರೂ ಹೇಳಿಕೊಟ್ಟಿಲ್ಲೆನೋ” ಎಂದಳು. ನಮ್ಮದು ಅರೆಭಾಷೆ ಆಡುವ ಮನೆ. ಅವ್ವನಿಗೆ ಇಂಗ್ಲಿಷೂ ಇಲ್ಲ, ಸ್ವಾಹಿಲಿಯೂ ಇಲ್ಲ. ಆದರೆ ಸುಮ್ಮನೆ ಕೂರುವ ಜಾತಿಯಲ್ಲ. ಆಶ್ರಮಕ್ಕೆ ಕರೆದೊಯ್ದ ದಿನ ಹಿತ್ತಲಿನಲ್ಲಿ ಕಡಿದು ಬಿಸಾಡಿದ ಬಾಳೆದಿಂಡು ಕಂಡದ್ದೇ ತಡ, ಪಟ್ಟೆ ಬಿಡಿಸಿ ನಾರು ತೆಗೆಯಲು ಕೂತಳು. ಒಬ್ಬೊಬ್ಬರಾಗಿ ಮಕ್ಕಳು ಸುತ್ತ ಸೇರಿದವು. ನಾರು ಹೊಸೆದು ಮಡಿಕೆ ಹೊರುವ ಸಿಂಬಿ ಮಾಡಿ ತೋರಿಸಿದಾಗ ಅಡುಗೆಯ ಹೆಂಗಸು ರೆಹೆಮಾ ಕುಲುಕುಲು ನಕ್ಕು ಒಳಗಿನಿಂದ ತನ್ನದೇ ಸಿಂಬಿ ತಂದು ಪಕ್ಕದಲ್ಲಿಟ್ಟಳು. ಎರಡಕ್ಕೂ ವ್ಯತ್ಯಾಸವೇ ಇರಲಿಲ್ಲ. ಅಲ್ಲಿಂದ ಮುಂದೆ ಅವರಿಬ್ಬರ ನಡುವೆ ನಾನು ಭಾಷಾಂತರ ಮಾಡುವ ಅಗತ್ಯ ಬೀಳಲಿಲ್ಲ.

ನೀಮಾ ಮಾತ್ರ ಸಿಂಬಿ ಬಿಟ್ಟು ಹಗ್ಗ ಹಿಡಿದಳು. ದಿನವೂ ನಾರು ಸೇರಿಸಿ ಹೊಸೆಯುತ್ತಾ ಹೋದಳು, ಉಳಿದವರೂ ಕೈಜೋಡಿಸಿದರು. ಮೂರು ವಾರದಲ್ಲಿ ಅದು ಅಂಗಳದ ಉದ್ದ ದಾಟಿತು. ನಿರ್ದೇಶಕರಿಗೆ ಖುಷಿಯೋ ಖುಷಿ. ದಾನಿಗಳು ಬರುವ ದಿನ ಮಕ್ಕಳೆಲ್ಲ ಮಲಗುವ ಕೋಣೆಯಲ್ಲಿ ಸಾಲಾಗಿ ಕೂತು ಆ ಹಗ್ಗ ಹಿಡಿದಿರಬೇಕು, ಫೋಟೋ ಚೆನ್ನಾಗಿ ಬರುತ್ತದೆ ಎಂದರು. ನೀರು ನಿಂತದ್ದು ಅದೇ ದಿನ.

ಇಲ್ಲಿ ನಮ್ಮಪ್ಪನ ವಿಷಯ ಹೇಳಬೇಕು. ಸಂಪಾಜೆ ಘಾಟಿಯ ನಮ್ಮ ಮನೆಗೆ ಗುಡ್ಡದ ಒರತೆಯಿಂದ ಕಪ್ಪು ಪೈಪಿನಲ್ಲಿ ನೀರು ಬರುತ್ತಿತ್ತು. ಹಾಗೆ ನೀರು ತರಿಸಿಕೊಳ್ಳುವ ಮನೆಗಳಲ್ಲಿ ಮಳೆಗಾಲದಲ್ಲಿ ನೀರು ನಿಂತರೆ ಯಾರೂ ಹೆದರುವುದಿಲ್ಲ. ಪೈಪಿನ ಬಾಯಿಗೆ ಎಲೆ ಸಿಕ್ಕಿರುತ್ತದೆ ಅಷ್ಟೆ. ಮನೆಯ ಗಂಡಸು ಕತ್ತಿ ಹಿಡಿದು, ಮಳೆ ತಡೆಯುವ ಗೊರಬೆ ತಲೆಗೆ ಹಾಕಿ, ಹತ್ತಿ ಹೋಗಿ ಎಲೆ ತೆಗೆದು ಬರುತ್ತಾನೆ. ನೂರು ಸಲ ಹಾಗೆಯೇ ಆಗಿರುತ್ತದೆ. ಗುಡ್ಡ ಜರಿದ ವರ್ಷ ನೂರಾ ಒಂದನೆಯ ಸಲ ಅಪ್ಪ ಹತ್ತಿ ಹೋದರು. ಒರತೆ ದಿಕ್ಕು ಬದಲಿಸಿ ಗುಡ್ಡದ ಹೊಟ್ಟೆಯೊಳಗೆ ತುಂಬಿಕೊಳ್ಳುತ್ತಿತ್ತು ಎಂದು ಆಮೇಲೆ ತಿಳಿದವರು ಹೇಳಿದರು. ಅಪ್ಪನ ಗೊರಬೆ ಸಿಕ್ಕಿತು. ಅಪ್ಪ ಸಿಕ್ಕಲು ಒಂಬತ್ತು ದಿನ ಬೇಕಾಯಿತು.

ಅವತ್ತು ಆಶ್ರಮದಲ್ಲಿ ಅವ್ವ ನಲ್ಲಿಯ ಕೆಳಗೆ ಬಿದ್ದಿದ್ದ ಕೆಂಪು ಕೆಸರನ್ನು ಬೆರಳಲ್ಲಿ ಮುಟ್ಟಿ ನೋಡಿದಳು. “ಮಕ್ಕಳ ಈಗಲೇ ಹೊರಗೆ ಕರ್ಕಂಡ್ ಹೋಕು. ಅವನ ಹತ್ರ ಹೇಳ್” ಎಂದಳು. ನಿರ್ದೇಶಕರು ಬಾಗಿಲಲ್ಲಿ ಹೂವು ಕಟ್ಟಿಸುತ್ತಿದ್ದರು. ನಾನು ಹೋಗಿ ಹೇಳಿದ್ದು ಹೀಗೆ: “ಸರ್, ನನ್ನ ತಾಯಿಗೆ ಸ್ವಲ್ಪ ಆತಂಕವಾಗಿದೆ. ಸಾಧ್ಯವಾದರೆ ಒಮ್ಮೆ ಪರಿಶೀಲಿಸಬಹುದೇ?”

ಥೂ ನನ್ನ ಓದಿಗಿಷ್ಟು. ಹದಿನೆಂಟು ಮಕ್ಕಳ ನೆತ್ತಿಯ ಮೇಲೆ ಗುಡ್ಡ ನಿಂತಿರುವಾಗ ನನ್ನ ಬಾಯಲ್ಲಿ ಬಂದದ್ದು ‘ಸಾಧ್ಯವಾದರೆ’.

ಅವರು ನಕ್ಕರು. ಪ್ರತಿ ಮಸಿಕಾದಲ್ಲೂ ಹೀಗೇ, ಪೈಪಿಗೆ ಎಲೆ ಸಿಕ್ಕಿರುತ್ತದೆ ಎಂದರು. ಅದೇ ಮಾತು. ಸಮುದ್ರ ದಾಟಿ ಬಂದು ನಿಂತ ಅದೇ ಮಾತು. ಕಾವಲುಗಾರನನ್ನು ಕರೆದು ಮೇಲೆ ಹೋಗಿ ತೆಗೆದು ಬಾ ಎಂದರು. ಆ ಮುದುಕ ಗೋಡೆಗೊರಗಿಸಿದ್ದ ಕತ್ತಿಗೆ ಕೈ ಹಾಕಿದ್ದನ್ನು ಅವ್ವ ಕಂಡಳು. ಏನು ನಡೆಯುತ್ತಿದೆ ಎಂದು ಅವಳಿಗೆ ಯಾರೂ ಹೇಳಬೇಕಾಗಲಿಲ್ಲ. ಓಡಿ ಹೋಗಿ ಕತ್ತಿಯನ್ನು ಹಿಡಿದುಕೊಂಡಳು. ಅವನು ಎಳೆದ, ಇವಳು ಬಿಡಲಿಲ್ಲ.

ಎಲೆ ಸಿಕ್ಕಿದೆಯಂತೆ ಅವ್ವಾ ಎಂದೆ.

“ಎಲೆ ಅಲ್ಲ ಗೂಡೆ,” ಎಂದಳು ನನ್ನ ಕಡೆ ತಿರುಗದೆ. ಗೂಡೆ ಎಂದರೆ ನಮ್ಮಲ್ಲಿ ಹುಡುಗಿ, ಮಗಳು. “ನಿನ್ನಪ್ಪನೂ ಎಲೆ ತೆಗ್ದ್ ಬನ್ನೆತ ಹೇಳಿಯೇ ಹೋದ್ದ್.”

ಅಡುಗೆಮನೆಯ ಬಾಗಿಲಿಗೆ ಬಂದ ರೆಹೆಮಾ ಅವ್ವನ ಬೆರಳಿಗೆ ಹತ್ತಿದ್ದ ಕೆಸರು ನೋಡಿದಳು, ಗುಡ್ಡದ ಕಡೆ ನೋಡಿದಳು. ಅವಳೂ ಗುಡ್ಡದಲ್ಲೇ ಹುಟ್ಟಿದವಳು. ಒಲೆಯ ಮೇಲಿದ್ದ ಹಂಡೆಯನ್ನು ಹಾಗೆಯೇ ಬಿಟ್ಟು ಮಲಗುವ ಕೋಣೆಗೆ ನುಗ್ಗಿದಳು. ಮಕ್ಕಳು ಒಗೆದ ಬಟ್ಟೆ ತೊಟ್ಟು, ಹಗ್ಗ ಹಿಡಿದು, ಅತಿಥಿಗಳಿಗಾಗಿ ಸಾಲಾಗಿ ಕೂತಿದ್ದವು. ಅವ್ವ ಕತ್ತಿಯನ್ನು ನನ್ನ ಕೈಗೆ ತುರುಕಿ, ಹಗ್ಗದ ಒಂದು ತುದಿಯನ್ನು ತನ್ನ ಸೊಂಟಕ್ಕೆ ಸುತ್ತಿಕೊಂಡು, ನೀಮಾಳ ಕೆನ್ನೆ ತಟ್ಟಿ ಮಳೆಗಿಳಿದಳು. ಹಗ್ಗ ಬಿಡಬಾರದು ಎಂದು ಅವರಿಗೆ ಬೆಳಗಿನಿಂದ ಕಲಿಸಿದ್ದರಲ್ಲ, ಒಂದು ಮಗುವೂ ಬಿಡಲಿಲ್ಲ. ಕೊನೆಯಲ್ಲಿ ರೆಹೆಮಾ ಎಣಿಸುತ್ತಾ ಬಂದಳು. ಬಟ್ಟೆ ಹಾಳಾಗುತ್ತದೆ, ಅತಿಥಿಗಳು ದಾರಿಯಲ್ಲಿದ್ದಾರೆ ಎಂದು ನಿರ್ದೇಶಕರು ಕೂಗುತ್ತಾ ಅವರ ಹಿಂದೆಯೇ ಓಡಿದರು. ನಿರ್ದೇಶಕರ ಜೀವ ಉಳಿದದ್ದು ಆ ಸಿಟ್ಟಿನಿಂದ.

ಕಾವಲುಗಾರ ನನ್ನ ಕೈಯಲ್ಲಿದ್ದ ತನ್ನ ಕತ್ತಿಯನ್ನು ಕೇಳುತ್ತಾ ನನ್ನ ಬೆನ್ನಿಗೇ ಬಂದ. ಕೆಳಗಿನ ಫುಟ್‌ಬಾಲ್ ಮೈದಾನ ತಲುಪಿ ನಾನು ತಿರುಗಿ ನೋಡಿದೆ. ಸದ್ದು ಆಮೇಲೆ ಬಂತು, ಮೊದಲು ಬಂದದ್ದು ಹಸಿ ಮಣ್ಣಿನ ವಾಸನೆ. ಮೇಲಿನ ಕಾಫಿ ಗಿಡಗಳು ನಿಂತ ಹಾಗೆಯೇ, ಸಾಲು ತಪ್ಪದೆ, ಕೆಳಗೆ ನಡೆದು ಬಂದವು. ಮಲಗುವ ಕೋಣೆಯ ಹಿಂದಿನ ಗೋಡೆ ಒಳಕ್ಕೆ ಬಾಗಿತು, ಸೂರು ಕೂತಿತು, ಅದರ ಮೇಲೆ ಕಾಫಿ ಗಿಡಗಳು ಬಂದು ನಿಂತವು. ಈಗಲೂ ಕಣ್ಣು ಮುಚ್ಚಿದರೆ ನನಗೆ ಕಾಣುವುದು ಆ ಗಿಡಗಳೇ. ಒಂದೊಂದು ಸಲ ಕೋಣೆಯೊಳಗೆ ಮಕ್ಕಳು ಇನ್ನೂ ಸಾಲಾಗಿ ಕೂತಿರುತ್ತಾರೆ, ನಾನು ಬಾಗಿಲಲ್ಲಿ ನಿಂತು ‘ಸಾಧ್ಯವಾದರೆ’ ಎನ್ನುತ್ತಿರುತ್ತೇನೆ.

ಅತಿಥಿಗಳು ಮೈದಾನಕ್ಕೇ ಬಂದರು. ಕೆಸರು ಮೆತ್ತಿದ ಮಕ್ಕಳ ಫೋಟೋ ಒಗೆದ ಬಟ್ಟೆಯ ಮಕ್ಕಳ ಫೋಟೋಗಿಂತ ಚೆನ್ನಾಗಿ ಬರುತ್ತದೆ ಎಂದು ನಿರ್ದೇಶಕರಿಗೆ ಹೊಳೆಯಲು ಕಾಲು ಗಂಟೆಯೂ ಬೇಕಾಗಲಿಲ್ಲ. ತಾವೇ ಹಗ್ಗದ ಮುಂದಿನ ತುದಿ ಹಿಡಿದು ನಿಂತರು. ಹೇಗೆ ಸಕಾಲಕ್ಕೆ ಎಚ್ಚರಿಕೆ ವಹಿಸಿದೆವು ಎಂದು ವಿವರಿಸಿದರು. ಅವ್ವ ದೂರದಲ್ಲಿ ಸೆರಗು ಹಿಂಡುತ್ತಿದ್ದಳು. ನನಗೆ ನಮ್ಮ ಪರಿಹಾರ ಕೇಂದ್ರ ನೆನಪಾಯಿತು. ಅಪ್ಪ ಇನ್ನೂ ಸಿಗದ ದಿನಗಳಲ್ಲಿ, ಶಾಲೆಯ ಆ ಹಾಲಿನಲ್ಲಿ, ಮೂರು ಗುಂಪುಗಳು ಮೂರು ಸಲ ಬಂದು ಅವ್ವನಿಗೂ ನನಗೂ ಅದೇ ಒಂದು ಕಂಬಳಿಯನ್ನು ಕೊಟ್ಟು ಫೋಟೋ ತೆಗೆಸಿಕೊಂಡಿದ್ದರು. ಮೂರನೆಯ ಸಲ ಒಬ್ಬರು ಅವ್ವನಿಗೆ ಸ್ವಲ್ಪ ಕ್ಯಾಮರಾ ಕಡೆ ನೋಡಿ ಎಂದಿದ್ದರು. ಅವ್ವ ನೋಡಿದ್ದಳು. ಅದನ್ನು ಮರೆಯದ ನಾನು ನೀಮಾಳಿಗೆ ಕ್ಯಾಮರಾ ಕಡೆ ನೋಡಲು ಹೇಳಿಕೊಟ್ಟಿದ್ದೆ.

ಸಂಜೆಯ ಹೊತ್ತಿಗೆ ಸುದ್ದಿ ಕೇಳಿ ಮೇಲಿನ ಹಳ್ಳಿಯಿಂದ ಒಬ್ಬ ಹೆಂಗಸು ಬರಿಗಾಲಲ್ಲಿ ಓಡಿ ಬಂದಳು. ನೀಮಾ ಅವಳ ಹೊಟ್ಟೆಗೆ ಮುಖ ಒತ್ತಿದ ರೀತಿ ನೋಡಿದ ಮೇಲೆ ಅವಳು ಯಾರೆಂದು ಕೇಳುವ ಅಗತ್ಯವಿರಲಿಲ್ಲ. ಶಾಲೆಗೆ ಹಾಕುತ್ತೇವೆ ಎಂದು ಆಶ್ರಮದವರು ನೀಮಾಳನ್ನು ಕರೆದುಕೊಂಡು ಹೋಗಿದ್ದರಂತೆ. ಅತಿಥಿಗಳು ಬಿಟ್ಟುಹೋದ ಒದ್ದೆ ಹಾಳೆಯೊಂದನ್ನು ಎತ್ತಿ, ಮಗಳ ಫೋಟೋ ತೋರಿಸಿ, ಕೆಳಗೆ ಏನು ಬರೆದಿದೆ ಎಂದು ನನ್ನನ್ನೇ ಕೇಳಿದಳು. ನಿರ್ದೇಶಕರು ನನ್ನ ಕಡೆ ನೋಡಿದರು. ಈ ಸಲ ನಾನು ನಯ ಮಾಡಲಿಲ್ಲ.

“ನೀನು ಸತ್ತಿದ್ದೀಯ ಎಂದು ಬರೆದಿದೆ,” ಎಂದೆ. “ಬರೆದವಳು ನಾನು.”

ಅವಳು ಹಾಳೆಯನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿ ಮಗಳ ಕೈ ಹಿಡಿದಳು. ಬೈಯಲಿಲ್ಲ. ಕಾಗದಪತ್ರ ಆಗದೆ ಮಗುವನ್ನು ಕಳಿಸಲಾಗದು ಎಂದು ನಿರ್ದೇಶಕರು ಹೇಳುತ್ತಿದ್ದರು. ಸತ್ತವಳು ಸಹಿ ಹಾಕುವುದು ಹೇಗೆ ಎಂದು ರೆಹೆಮಾ ಕೇಳಿದಳು. ಕಾವಲುಗಾರ ದಾರಿ ಬಿಟ್ಟು ಪಕ್ಕಕ್ಕೆ ನಿಂತ. ತಾಯಿ ಮಗಳು ಗುಡ್ಡದ ಇನ್ನೊಂದು ಮಗ್ಗುಲಿನ ದಾರಿ ಹಿಡಿದರು. ನೀಮಾಳ ತಲೆಯ ಮೇಲೆ ಅವ್ವನ ಸಿಂಬಿ, ಅದರ ಮೇಲೆ ಅತಿಥಿಗಳು ಕೊಟ್ಟ ಬಟ್ಟೆಯ ಗಂಟು.

ಆಶ್ರಮವನ್ನು ಅದೇ ಜಾಗದಲ್ಲಿ ಮತ್ತೆ ಕಟ್ಟುತ್ತಿದ್ದಾರೆ. ನೀಮಾಳ ಹಾಗೆಯೇ ಕೆಲವು ಮಕ್ಕಳನ್ನು ಮನೆಯವರು ಬಂದು ಕರೆದೊಯ್ದರು, ಹನ್ನೊಂದು ಮಕ್ಕಳು ಇನ್ನೂ ನಿರ್ದೇಶಕರ ಬಳಿ ಇದ್ದಾರೆ. ರೆಹೆಮಾ ಮತ್ತು ನಾನು ಸೇರಿ ಆ ಹನ್ನೊಂದು ಮಕ್ಕಳ ಊರು, ತಾಯಿಯ ಹೆಸರು, ಅಜ್ಜಿಯ ಹೆಸರು ಹುಡುಕಿ ಬರೆಯುತ್ತಿದ್ದೇವೆ. ಮಕ್ಕಳ ಕಲ್ಯಾಣದ ಸ್ಥಳೀಯ ಕಚೇರಿಗೆ ಕೊಡಲು ಆರು ಹೆಸರು ಸಿಕ್ಕಿವೆ. ಐದು ಬಾಕಿ.

ಈಗ ರಜೆಗೆ ಅವ್ವನ ಜೊತೆ ಊರಿಗೆ ಬಂದಿದ್ದೇನೆ. ನಾಪೋಕ್ಲಿನಲ್ಲಿ ಚಿಕ್ಕಮ್ಮನ ಮನೆಯಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ. ಹೊರಗೆ ನಮ್ಮ ಮಳೆ. ಮೊನ್ನೆ ಸಂಪಾಜೆ ಘಾಟಿಯಲ್ಲಿ ಇಳಿದು ನಮ್ಮ ಮನೆಯಿದ್ದ ಜಾಗ ನೋಡಿದೆ. ಅದರ ಮೇಲ್ಭಾಗದಲ್ಲಿ ಹೋಂಸ್ಟೇಗೆಂದು ಗುಡ್ಡ ಕಡಿದಿದ್ದಾರೆ, ಕೆಂಪು ಗೋಡೆಯ ಹಾಗೆ. ಕೆಲಸ ಮಾಡಿಸುತ್ತಿದ್ದವರನ್ನು ಕೇಳಿದೆ. “ಏನೂ ಆಗುದಿಲ್ಲ ಅಕ್ಕ, ಒಂದ್ಸಲ ಜರಿದ ಗುಡ್ಡೆ ಮತ್ತೆ ಜರಿಯುದುಂಟಾ?” ಎಂದರು. ಟಾಂಜಾನಿಯಾದಲ್ಲಿ ನಾನು ಹೊರಗಿನವಳು, ಬಾಯಿ ಮುಚ್ಚಿಕೊಂಡೆ ಎನ್ನಬಹುದು. ಇಲ್ಲಿ ಏನೆನ್ನಲಿ? ಈ ಸಲ ಊರಿಗೆಲ್ಲ ಕೇಳುವ ಹಾಗೆ ಜಗಳವಾಡಿದೆ. ಹೊರದೇಶಕ್ಕೆ ಹೋದವಳಿಗೆ ಈ ಊರಿನ ಉಸಾಬರಿ ಯಾಕೆ ಎಂದು ಕೇಳಿಸಿಕೊಂಡು ಬಂದೆ.

ಇವತ್ತು ಬೆಳಿಗ್ಗೆ ರೆಹೆಮಾ ಫೋನು ಮಾಡಿದಳು. ಅಲ್ಲಿ ಈಗ ಮಳೆಯಿಲ್ಲ, ಬಿಸಿಲಂತೆ. ನಮ್ಮ ಕಡೆ ಜೋರು ಮಳೆ ಎಂದು ಪ್ರದೀಪನಿಂದ ಕೇಳಿದ್ದಳು. ಕ್ಷೇಮ ಸಮಾಚಾರ ಒಂದೂ ಇಲ್ಲದೆ ನೇರ ಕೇಳಿದಳು, “ಮಾಜಿ ಯಾಪೊ?” ನೀರು ಬರುತ್ತಿದೆಯಾ?

ಅಷ್ಟು ಸ್ವಾಹಿಲಿ ಅವ್ವನಿಗೆ ಈಗ ಗೊತ್ತು. ನಾನು ಉತ್ತರಿಸುವ ಮೊದಲೇ ಅವಳು ಎದ್ದು ಅಡುಗೆಮನೆಯ ನಲ್ಲಿ ತಿರುಗಿಸಿ, ಗಾಜಿನ ಲೋಟದಲ್ಲಿ ನೀರು ಹಿಡಿದು, ಕಿಟಕಿಯ ಬೆಳಕಿಗೆ ಎತ್ತಿ ನೋಡುತ್ತಾ ನಿಂತಳು.