ಹಾಲಿಗೆ ಹೋಗುವಾಗ ಕರೆದವರು

ಕಳೆದ ವಾರ ಮಂಡ್ಯದಿಂದ ಮಳವಳ್ಳಿಗೆ ಬರುವ ಸಂಜೆಯ ಬಸ್ಸಿನಲ್ಲಿ, ಮುಂದಿನ ಸೀಟಿನ ಹೆಂಗಸಿನ ತಲೆಯಿಂದ ಹರಳೆಣ್ಣೆಯ ವಾಸನೆ ಬಂತು. ಈಗ ಯಾರು ಹಚ್ಚುತ್ತಾರೆ ಅದನ್ನು! ಕಿಟಕಿ ಸರಿಸಲು ಹೋದ ನನ್ನ ಕೈ ಹಾಗೇ ನಿಂತಿತು. ಮೇಲಿನ ಬೀದಿಯ ದೊಡ್ಡವ್ವ ನಮ್ಮ ಗೇಟು ಮುಟ್ಟುವ ಮೊದಲೇ ಈ ವಾಸನೆ ಜಗುಲಿಗೆ ಬಂದಿರುತ್ತಿತ್ತು…

ಅವರು ನಮಗೆ ಸಂಬಂಧಿಕರೇನಲ್ಲ. ಅಪ್ಪ ತೀರಿಕೊಂಡಾಗ ಬಂದುಹೋದ ಅಷ್ಟು ಜನರಲ್ಲಿ ಅವರೂ ಒಬ್ಬರು. ತಿಥಿಯ ಊಟ ಮುಗಿಸಿ ಹೊರಡುವಾಗ ಎಲ್ಲರೂ ಅಮ್ಮನ ಕೈ ಹಿಡಿದು, "ನಾವಿದೀವಿ ಕಣಮ್ಮ, ಆಗಾಗ ಬಂದು ನೋಡ್ಕತೀವಿ" ಅಂದಿದ್ದರು. ಯಾರೂ ಸುಳ್ಳು ಹೇಳಿರಲಿಲ್ಲ. ಆ ಗಳಿಗೆಯಲ್ಲಿ ಎಲ್ಲರಿಗೂ ಬರುವ ಮನಸ್ಸೇ ಇತ್ತು. ಆಮೇಲೆ ಗದ್ದೆ ನಾಟಿ, ಮಕ್ಕಳ ಪರೀಕ್ಷೆ, ಯಾರದೋ ಮದುವೆ… ನಾನೂ ಮಂಡ್ಯದ ಕೆಲಸಕ್ಕೆ ಬೆಳಗಿನ ಬಸ್ಸು ಹಿಡಿಯತೊಡಗಿದೆ. ಅಮ್ಮ ನಡುಮನೆಯ ಗೋಡೆಗೆ ಒರಗಿ ಕೂತರೆ ಏಳುತ್ತಿರಲಿಲ್ಲ. ನಾನು ಮಾಡಿಟ್ಟು ಹೋದ ಮುದ್ದೆ ಸಂಜೆ ಬಂದಾಗಲೂ ತಟ್ಟೆಯಲ್ಲೇ ಒಣಗಿರುತ್ತಿತ್ತು. ಅವಳ ರವಿಕೆಯ ತೋಳು ಸಡಿಲವಾಗುತ್ತಾ ಬಂದದ್ದು ನೋಡಿ ನನಗೆ ದಿಗಿಲಾಗಿತ್ತು.

ದೊಡ್ಡವ್ವ ಮಾತ್ರ ಬಂದರು. ಹಣೆಯಲ್ಲಿ ಕಾಸಗಲ ಕುಂಕುಮ, ಕೈಯಲ್ಲಿ ಹಾಲಿನ ಕ್ಯಾನು.

"ಡೈರಿಗೆ ಓಯ್ತಿವ್ನಿ. ಬಾರವ್ವ, ಜೊತೆಗಾಯ್ತದೆ."

ಅಮ್ಮ ಬರುವುದಿಲ್ಲವೆಂದು ತಲೆಯಾಡಿಸಿದಳು. ಮರುದಿನ ಮತ್ತೆ ಅದೇ ಕರೆ. ಸಮಾಧಾನದ ಮಾತಿಲ್ಲ, ಬಲವಂತವಿಲ್ಲ. ಕರೆಯುವುದು, ತುಸು ಹೊತ್ತು ನಿಲ್ಲುವುದು, ಹೊರಟುಹೋಗುವುದು. ಮಳೆ ಬಂದರೆ ಸೆರಗು ತಲೆಗೆ ಹೊದ್ದು ಬಂದರು. ಮಂಡಿ ಊದಿಕೊಂಡಾಗ ಕುಂಟಿಕೊಂಡೇ ಬಂದರು.

ಒಂದು ದಿನ ಅಮ್ಮ ಒಳಗಿನಿಂದಲೇ ಅಂದಳು: "ಬೆಳಗ್ಗೆ ಎದ್ದು ನನ್ ಮಖ ಯಾರು ನೋಡ್ತಾರಕ್ಕ? ಗಂಡ ಸತ್ತೋಳು…"

"ನಾನ್ ನೋಡ್ತಿಲ್ವ, ದಿನಾ? ನಂಗೇನಾಯ್ತು? ಚಪ್ಲಿ ಮೆಟ್ಕಂಡು ಬಾ ಸುಮ್ಕೆ."

ಅಮ್ಮ ಅವತ್ತು ಹೊಸ್ತಿಲು ದಾಟಿದಳು. ವಾಪಸ್ಸು ಬಂದವಳು ತಾನೇ ಒಲೆ ಹಚ್ಚಿ ಹಾಲು ಕಾಸಿದಳು.

ಕೆಲವು ತಿಂಗಳಾದ ಮೇಲೆ ಒಂದು ಭಾನುವಾರ ನಾನು ಮೊದಲ ಸಲ ಡೈರಿಗೆ ಹೋದೆ. ನೋಡಿದರೆ ಅದು ದೊಡ್ಡವ್ವನ ಮನೆಯ ಮಗ್ಗುಲಲ್ಲೇ ಇದೆ! ಡೈರಿಯನ್ನು ಹಿಂದೆ ಬಿಟ್ಟು, ಖಾಲಿ ಕ್ಯಾನು ಹಿಡಿದು, ಅವರು ಅಷ್ಟು ದೂರ ಇಳಿದು ಬರುತ್ತಿದ್ದರು. ಮತ್ತೆ ಹತ್ತಿ ಹೋಗುತ್ತಿದ್ದರು. ಯಾಕೆ ಹೀಗೆ ಎಂದು ಕೇಳಿದಾಗ ಅವರಿಗೆ ನಾಚಿಕೆಯಾಯಿತು.

"ನಾನೂ ಸೋಂಬೇರಿನೇ ಕಣವ್ವ. ನಮ್ಮಕ್ಕ ಮುಂಡೆಯಾದಾಗ, ಕಿರುಗಾವಲಿಗೆ ವಾರ ವಾರ ಬತ್ತೀನಿ ಅಂದಿದ್ದೆ. ನಾಳೆ, ನಾಡಿದ್ದು ಅನ್ಕಂಡೇ ಕಾಲ ಹೋಯ್ತು. ಆಮೇಲೆ ಅವಳ ಮಣ್ಣಿಗೇ ಓದೆ… ಮನ್ಸು ಬಂದಾಗ ಓಯ್ತೀನಿ ಅಂದ್ರೆ ಆಗಕಿಲ್ಲ. ಹಾಲು ತರದಂತೂ ತಪ್ಪಾಕಿಲ್ವಲ್ಲ. ಅದುಕ್ಕೇ ನಿಮ್ಮನೆ ಮುಂದೆ ಹಾದು ಹಾಲಿಗೋಗದು ಅಂತ ಮಾಡ್ಕಂಡೆ. ಯೋಚ್ನೆ ಮಾಡದೇ ಬ್ಯಾಡ ನೋಡು, ಕಾಲೇ ಕರ್ಕಂಡು ಬತ್ತದೆ."

ಒಳ್ಳೆಯವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ತನ್ನ ಒಳ್ಳೆಯ ಮನಸ್ಸನ್ನು ಹೀಗೆ ನಂಬದೆ, ಅದನ್ನೊಂದು ದಿನದ ಕೆಲಸಕ್ಕೆ ಕಟ್ಟಿಹಾಕಿದ ಇನ್ನೊಬ್ಬರನ್ನು ಕಂಡಿಲ್ಲ.

ಆಮೇಲೆ ವರ್ಷಗಟ್ಟಲೆ ಇಬ್ಬರೂ ಜೊತೆಯಾಗಿ ಹೋಗಿಬಂದರು. ದೊಡ್ಡವ್ವನಿಗೆ ಇಳಿದು ಬರಲು ಆಗದಂತಾದಾಗ ಅಮ್ಮನೇ ಹತ್ತಿ ಹೋಗಿ, ಹಾಲು ಕೊಂಡು, ಅವರ ಜಗುಲಿಯಲ್ಲಿ ಕೂತು ಬರತೊಡಗಿದಳು.

ಹೋದ ಚಳಿಗಾಲದಲ್ಲಿ ಅವರು ತೀರಿಕೊಂಡರು. ಅಂಗಳದಲ್ಲಿ ಮಲಗಿಸಿದ್ದರು. ಮುತ್ತೈದೆಯರು ಅರಿಶಿನ ಕುಂಕುಮದ ತಟ್ಟೆ ಹಿಡಿದು ಮುಂದೆ ಬಂದಾಗ, ಅಮ್ಮ ಹಿಂದೆ ಸರಿದು ಗೋಡೆ ಪಕ್ಕ ನಿಂತಳು. ತಲೆಯ ಬಳಿ ಕೂತಿದ್ದ ದೊಡ್ಡವ್ವನ ಯಜಮಾನರು ಕೈ ಎತ್ತಿದರು.

"ತಡೀರಮ್ಮ. ಮೊದ್ಲು ಆಯಮ್ಮ ಕುಂಕ್ಮ ಇಡ್ಲಿ."

ಯಾರೋ ಗೊಣಗಿದರು. ಮುದುಕರು ಕೈ ಇಳಿಸಲಿಲ್ಲ. ಅಮ್ಮ ಬಂದು ಕುಂಕುಮ ಇಟ್ಟಳು. ಎಷ್ಟೋ ವರ್ಷಗಳಿಂದ ಅವಳು ಆ ತಟ್ಟೆಯನ್ನು ಮುಟ್ಟಿರಲಿಲ್ಲ.

ಈಗ ಅಮ್ಮ ಒಬ್ಬಳೇ ಹಾಲಿಗೆ ಹೋಗುತ್ತಾಳೆ. ಒಂದು ದಿನವೂ ತಪ್ಪಿಸಿಲ್ಲ. ಮೊದಲೆಲ್ಲ ಆ ಜಗುಲಿಯಲ್ಲಿ ಕೂತವಳು, ನಾನು ಕಾಫಿಗೆ ಇಟ್ಟ ನೀರು ಕಾದು ಆರುವವರೆಗೂ ಬರುತ್ತಿರಲಿಲ್ಲ. ಈಗ ನೀರು ಕುದಿಯುವ ಮೊದಲೇ ಬಂದುಬಿಡುತ್ತಾಳೆ…