ಕ್ರಾಸಿಂಗ್ ಹಂಗಾಮಿನ ಹತ್ತನೇ ತರಗತಿ

ಶ್ರಾವಣ ಬಂತೆಂದರೆ ತರಗತಿಯಲ್ಲಿ ನನ್ನ ಕಾಲು ನಿಲ್ಲುವುದಿಲ್ಲ. ಬೋರ್ಡಿನಿಂದ ಕಿಟಕಿಗೆ, ಕಿಟಕಿಯಿಂದ ಬಾಗಿಲಿಗೆ ಓಡಾಡುತ್ತಲೇ ಪಾಠ ಹೇಳುತ್ತೇನೆ. ಮನೆ ಕುಷ್ಟಗಿಯಲ್ಲಿ, ಅಲ್ಲಿಂದ ಬಸ್ಸಿನ ದಾರಿಯ ಒಂದು ಹಳ್ಳಿಯ ಸರ್ಕಾರಿ ಪ್ರೌಢಶಾಲೆಯಲ್ಲಿ ನಾನು ಗಣಿತದ ಟೀಚರು. ಆ ತಿಂಗಳು ಹುಡುಗಿಯರ ಬೆಂಚುಗಳು ಒಂದೊಂದಾಗಿ ಖಾಲಿಯಾಗುತ್ತವೆ. ಜ್ವರವಲ್ಲ, ಹಬ್ಬವೂ ಅಲ್ಲ, ಹತ್ತಿ ಬೀಜದ ಪ್ಲಾಟುಗಳಲ್ಲಿ ಕ್ರಾಸಿಂಗ್ ಶುರುವಾಗಿರುತ್ತದೆ. ಹಿಂದಿನ ಸಂಜೆ ಗಿಡದಲ್ಲೇ ಮೊಗ್ಗು ಸುಲಿದಿಟ್ಟ ಹೆಣ್ಣು ಹೂವಿಗೆ ಬೆಳಿಗ್ಗೆ ಗಂಡು ಹೂವಿನ ಪರಾಗ ಸವರುವ ಕೆಲಸ ಅದು. ಬಿಸಿಲು ನೆತ್ತಿಗೇರುವ ಮೊದಲು ಮುಗಿಸಬೇಕು, ಇಳಿಹೊತ್ತಿಗೆ ಮತ್ತೆ ಮರುದಿನದ ಹೂ ತಯಾರು ಮಾಡಬೇಕು. ತೆಳ್ಳನೆಯ ಬೆರಳಿನ ಹುಡುಗಿಯರೇ ಬೇಕು ಅನ್ನುತ್ತಾರೆ ಪ್ಲಾಟಿನವರು. ನಮ್ಮ ಶಾಲೆಯ ಹೊತ್ತೂ ಅದೇ.

ನಮ್ಮಲ್ಲಿ ಹುಡುಗಿಯರೇ ಹೆಚ್ಚು. ಹೊರಗಿನಿಂದ ಬಂದವರು ಹೆಣ್ಣುಮಕ್ಕಳ ಶಿಕ್ಷಣ ಇಷ್ಟು ಮುಂದುವರಿದಿದೆಯಲ್ಲ ಎಂದು ಹಿಗ್ಗುತ್ತಾರೆ. ನನಗೆ ನಗು ಬರುತ್ತದೆ, ಅದರ ಹಿಂದೆಯೇ ಸಿಟ್ಟು ಬರುತ್ತದೆ. ಈ ಹುಡುಗಿಯರ ಅಣ್ಣತಮ್ಮಂದಿರು ಬೆಳಿಗ್ಗೆಯೇ ಟೈ ಕಟ್ಟಿಕೊಂಡು, ಹಳದಿ ವ್ಯಾನ್ ಹತ್ತಿ ಕುಷ್ಟಗಿಯ ಇಂಗ್ಲಿಷ್ ಮೀಡಿಯಂಗೆ ಹೋಗಿರುತ್ತಾರೆ. ಒಕ್ಕಲುತನದ ಮನೆಯಿರಲಿ, ಸಂತೆಯಲ್ಲಿ ಬಳೆ ಮಾರುವ ಮುಸ್ಲಿಮರ ಮನೆಯಿರಲಿ, ಈ ಒಂದು ವಿಷಯದಲ್ಲಿ ಎಲ್ಲರೂ ಒಂದೇ. ನಮಗೆ ಉಳಿಯುವವರು ಹುಡುಗಿಯರು ಮತ್ತು ವ್ಯಾನಿನ ಫೀ ಕಟ್ಟಲಾಗದ ಮನೆಯ ಹುಡುಗರು. ಫಲಿತಾಂಶದ ಮೀಟಿಂಗಿನಲ್ಲಿ ಇದನ್ನು ಯಾರೂ ಕೇಳುವುದಿಲ್ಲ. ನಮ್ಮ ಶಾಲೆಯನ್ನು ಪರದೆಯ ಮೇಲೆ ಕೆಂಪು ಬಣ್ಣದಲ್ಲಿ ತೋರಿಸಿ, ಗಣಿತದವರು ಎದ್ದು ನಿಲ್ಲಿ ಅನ್ನುತ್ತಾರೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ! ಎದ್ದು ನಿಲ್ಲುತ್ತೇನೆ, ಒಳಗೊಳಗೇ ಕುದಿಯುತ್ತೇನೆ.

ಈ ವರ್ಷ ನನ್ನ ನೆಮ್ಮದಿ ಕೆಡಿಸಿದ್ದು ಒಬ್ಬಳೇ ಹುಡುಗಿ. ಹತ್ತನೇ ತರಗತಿ. ಬೋರ್ಡಿನ ಮೇಲೆ ನಾನೆಲ್ಲಾದರೂ ತಪ್ಪಿದರೆ ಹಿಂದಿನ ಬೆಂಚಿನಿಂದ, “ಮಿಸ್, ಅಲ್ಲಿ ಮೈನಸ್ ಆಗಬೇಕ್ರಿ” ಅನ್ನುವವಳು. ಹಾಗನ್ನುವಾಗ ಅಂಜಿಕೆಯೂ ಇಲ್ಲ, ಜಂಬವೂ ಇಲ್ಲ. ಇಂಥ ಒಬ್ಬಳು ಎದುರಿಗಿದ್ದರೆ ಪಾಠ ಹೇಳುವವರಿಗೂ ಹುರುಪು. ಕ್ರಾಸಿಂಗ್ ಶುರುವಾದ ಮೇಲೆ ಅವಳು ಶಾಲೆಯ ಕಡೆ ಬಂದಿರಲಿಲ್ಲ. ಹಾಜರಾತಿ ಕಡಿಮೆ ಬಿದ್ದರೆ ಹಾಲ್ ಟಿಕೆಟ್ ಇಲ್ಲ, ಹಾಲ್ ಟಿಕೆಟ್ ಇಲ್ಲದಿದ್ದರೆ ಪರೀಕ್ಷೆಯೂ ಇಲ್ಲ. ಒಮ್ಮೆ ಹತ್ತನೆಯದು ತಪ್ಪಿದ ಹುಡುಗಿಗೆ ಈ ಕಡೆ ಮುಂದಿನ ಮಾತೆಂದರೆ ಮದುವೆಯದೇ. ಹೆಡ್‌ಮಾಸ್ತರರನ್ನು ಕೇಳಿದೆ. ಅವರದು ಯಾವತ್ತೂ ಅಡ್ಡಗೋಡೆಯ ಮೇಲೆ ದೀಪ.

“ಇನ್ನೊಂದು ವಾರ ನೋಡೂಣ್ರಿ ಮೇಡಂ. ಬಂದ್ರ ಬಂದ್ಲು. ಆಮ್ಯಾಲ ನನ್ನ ಕೈಯಾಗೂ ಏನೂ ಇರಂಗಿಲ್ಲ.”

ನೋಡುತ್ತ ಕೂರುವ ತಾಳ್ಮೆ ನನ್ನಲ್ಲಿಲ್ಲ. ಮರುದಿನ ಮೊದಲ ಬಸ್ಸಿಗೇ ಹೋಗಿ, ಶಾಲೆಯ ಗೇಟು ದಾಟಿ, ನೇರ ಪ್ಲಾಟಿನ ಕಡೆ ನಡೆದೆ. ಹಿಂದಿನ ದಿನ ಮಳೆಯಾಗಿತ್ತು. ಎರೆಮಣ್ಣು ಚಪ್ಪಲಿಗೆ ಮೆತ್ತಿಕೊಂಡು ಒಂದೊಂದು ಹೆಜ್ಜೆಯೂ ಭಾರ. ಹುಡುಗಿಯ ತಾಯಿಗೆ ಹೇಳಬೇಕಾದ್ದನ್ನು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡೆ: ಸರ್ಕಾರಿ ಶಾಲೆ ಯಾರಿಗೇನು ಕಡಿಮೆ? ಪುಸ್ತಕ ಕೊಡುತ್ತೇವೆ, ಊಟ ಕೊಡುತ್ತೇವೆ, ಜೀವ ತೇಯ್ದು ಕಲಿಸುತ್ತೇವೆ. ಇಂಥ ಮಗಳನ್ನು ಹೊಲದಲ್ಲಿ ನಿಲ್ಲಿಸಿದ್ದೀರಲ್ಲ, ಏನನ್ನಬೇಕು ನಿಮಗೆ?

ಹತ್ತಿ ಗಿಡಗಳ ನಡುವೆ ತಾಯಿ ಮಗಳು ಇಬ್ಬರೂ ಇದ್ದರು. ಹುಡುಗಿಯ ಸೊಂಟದಲ್ಲಿ ಗಂಡು ಹೂ ತುಂಬಿದ ಬಟ್ಟೆಯ ಚೀಲ, ಬೆರಳೆಲ್ಲ ಹಳದಿ. ನನ್ನನ್ನು ಕಂಡದ್ದೇ ಮುಖ ಅರಳಿತು. ಚೀಲ ಬಿಚ್ಚಿ ಬದುವಿನ ಮೇಲಿಟ್ಟು, ಕೈ ಒರೆಸಿಕೊಂಡು, ಆಗಲೇ ಹೊರಟವಳಂತೆ ನಿಂತಳು.

“ಇಷ್ಟು ದೂರ ಯಾಕ ಬರಾಕ ಹೋದ್ರಿ ಮೇಡಂ? ಹೇಳಿ ಕಳಿಸಿದ್ರ ನಾನ ಬರ್ತಿದ್ದೆ,” ಅಂದಳು ತಾಯಿ.

“ನೀವು ಬರಲಿಲ್ಲ, ಅದಕ್ಕ ನಾನ ಬಂದೆ,” ಎಂದು ಶುರು ಮಾಡಿ ಬಾಯಿಪಾಠವನ್ನೆಲ್ಲ ಒಪ್ಪಿಸಿಬಿಟ್ಟೆ. ಹಾಲ್ ಟಿಕೆಟ್ಟಿನ ಮಾತಿಗೆ ಬರುವಷ್ಟರಲ್ಲಿ ದನಿ ಏರಿತ್ತು. ಆಚೆಯ ಆಳುಗಳೂ ತಲೆಯೆತ್ತಿ ನೋಡಿದರು.

ತಾಯಿ ಸಿಟ್ಟಾಗಲಿಲ್ಲ. “ನೀವು ಹೇಳೂದು ಖರೆ ಐತ್ರಿ. ಆದ್ರ ಇಕಿ ತಮ್ಮನ ಸಾಲಿ ಫೀ, ವ್ಯಾನಿನ ಫೀ, ಎಲ್ಲಾ ಇಕಿ ಕೂಲಿ ಮ್ಯಾಲ ನಡದೈತಿ. ಈ ಹಂಗಾಮು ಬಿಟ್ರ ಅವನ್ನ ಬಿಡಸಬೇಕಾಗತೈತಿ.”

“ಬಿಡಸ್ರಿ ಮತ್ತ! ಊರಾಗ ಸಾಲಿ ಇಲ್ಲೇನು? ಅಲ್ಲೇ ಹಾಕ್ರಿ ಅಂತ ಯಾರು ಹೇಳಿದ್ರು ನಿಮಗ?”

“ಯಾರು ಹೇಳ್ತಾರ್ರಿ? ನಿಮ್ಮನ್ನ ನೋಡೇ ಹಾಕಿದ್ವಿ.” ಅವಳ ಮಾತಿನಲ್ಲಿ ಕೊಂಕಿರಲಿಲ್ಲ. “ನಿಮ್ಮ ಹುಡುಗನ ಬೆಂಚಿನ್ಯಾಗ ಕೂಡ್ತಾನಂತ ನಮ್ಮ ಹುಡುಗ. ಮೇಡಂ ಅವರಿಗೆ ಗೊತ್ತಿಲ್ಲದ್ದು ನಮಗೇನ್ ಗೊತ್ತೈತಿ, ಅವರ ಮಗ ಹೋಗೋ ಕಡೇನ ನಮ್ಮವನೂ ಹೋಗ್ಲಿ ಅಂದ್ರು ಇವರಪ್ಪ.”

ಕೊಂಕು ನುಡಿದಿದ್ದರೆ ತಿರುಗಿ ಅನ್ನಬಹುದಿತ್ತು. ನನ್ನ ಮಗ ಆ ಶಾಲೆಗೆ ಹೋಗುವುದಕ್ಕೆ ಕಾರಣಗಳು ನನ್ನಲ್ಲಿ ಬೇಕಾದಷ್ಟಿದ್ದವು: ಮನೆಯವರ ಹಟ, ಓರಗೆಯ ಟೀಚರುಗಳ ಮಕ್ಕಳೆಲ್ಲ ಅಲ್ಲೇ ಇರುವುದು, ಮುಂದೆ ಅವನಿಗೆ ಇಂಗ್ಲಿಷಿನ ತೊಂದರೆ ಬೇಡವೆಂಬ ನನ್ನದೇ ಭಯ. ಸರ್ಕಾರಿ ಶಾಲೆ ನಮ್ಮ ಮನೆಯ ಹಿಂದಿನ ಓಣಿಯಲ್ಲೇ ಇದೆ. ಅದರ ಪ್ರಾರ್ಥನೆ ಅಡುಗೆಮನೆಗೆ ಕೇಳಿಸುತ್ತದೆ.

“ಅಲ್ಲಿ ಛಲೋ ಕಲಸ್ತಾರ ಹೌದಿಲ್ರಿ ಮೇಡಂ?” ತಾಯಿ ಕೇಳಿದಳು. “ಇಲ್ಲಾಂದ್ರ ಈಗ ಹೇಳ್ರಿ. ನಾಳೇನ ಅವನ್ನ ಬಿಡಿಸಿ ಊರ ಸಾಲಿಗೆ ಹಾಕ್ತೀನಿ. ಇಕಿನೂ ಇವತ್ತ ನಿಮ್ಮ ಕೂಡ ಬರ್ತಾಳ.”

ಒಂದೇ ಮಾತು ಸಾಕಿತ್ತು. ಆದರೆ ಇಲ್ಲ ಅಂದ ಬಾಯಲ್ಲೇ ನಾಳೆ ನನ್ನ ಮಗನಿಗೆ ಹೊತ್ತಾಯಿತು, ವ್ಯಾನ್ ಬಂತು ಎಂದು ಅವಸರ ಮಾಡಬೇಕಲ್ಲ! ಅವನನ್ನು ಬಿಡಿಸುವ ಧೈರ್ಯ ನನಗಿಲ್ಲವೆಂದು ಆ ಹೊಲದಲ್ಲಿ ನಿಂತಾಗಲೇ ಗೊತ್ತಾಯಿತು. ಹುಡುಗಿ ನನ್ನ ಬಾಯನ್ನೇ ನೋಡುತ್ತಿದ್ದಳು.

“ಛಲೋ ಕಲಸ್ತಾರ,” ಅಂದೆ.

“ಹಂಗಾರ ಅವ ಕಲೀಲಿ ಬಿಡ್ರಿ,” ಅಂದಳು ತಾಯಿ, ದೊಡ್ಡ ಚಿಂತೆಯೊಂದು ಕಳೆದವಳ ಹಾಗೆ.

ಹುಡುಗಿ ಬಗ್ಗಿ ಚೀಲ ಎತ್ತಿ ಸೊಂಟಕ್ಕೆ ಬಿಗಿದುಕೊಂಡಳು. ನಾನು ಮಾತ್ರ ಬದುವಿನ ಮೇಲೆ ನಿಂತೇ ಇದ್ದೆ. ಎರಡು ಗಿಡ ಮುಗಿಸಿದ ಮೇಲೆ ತಿರುಗಿ ನೋಡಿ, “ನೀವು ಹೋಗ್ರಿ ಮಿಸ್,” ಅಂದಳು, “ಗಂಟಿ ಹೊಡೆಯೋ ಹೊತ್ತಾತು.”