ಗ್ರಾಫ್ ಹಾಳೆಯ ಕೋಟೆ

ಮೊನ್ನೆ ಭಾನುವಾರ ಚಟ್ನಿಪುಡಿಗೆಂದು ಶೇಂಗಾ ಹುರಿಯುತ್ತಿದ್ದೆ. ಸಿಪ್ಪೆ ಸುಟ್ಟ ವಾಸನೆ ಅಡುಗೆಮನೆಯಲ್ಲಿ ತುಂಬಿದಾಗ, ನಮ್ಮ ಮೇಲಿನ ಮನೆಯಲ್ಲಿ ಬಾಡಿಗೆಗಿದ್ದ ಶಾಲೆಯ ಅಕ್ಕೋರು ನೆನಪಾದರು. ಅವರು ನನ್ನ ಮಗಳೊಡನೆ ಆಡುತ್ತಿದ್ದ ಆಟದಲ್ಲಿ ರಾಕ್ಷಸರೆಂದರೆ ಹುರಿದ ಶೇಂಗಾ. ಸೋತ ರಾಕ್ಷಸನನ್ನು ಗೆದ್ದವರು ತಿನ್ನಬೇಕು.

ಎಂಟು ವರ್ಷದ ಹಿಂದಿನ ಮಾತು. ಬನಹಟ್ಟಿಯಿಂದ ದಿನಾ ಬಸ್ಸಿನಲ್ಲಿ ಜಮಖಂಡಿಗೆ ಹೋಗಿ, ಶಾಲೆಯಲ್ಲಿ ಪಾಠ ಮಾಡಿ ಅವರು ಐದೂವರೆಗೆ ಬರುತ್ತಿದ್ದರು. ಐದು ವರ್ಷದ ನನ್ನ ಮಗಳು ಐದಕ್ಕೇ ಮೆಟ್ಟಿಲ ಮೇಲೆ ಕೂತಿರುತ್ತಿದ್ದಳು. ಅಕ್ಕೋರು ಕತೆ ಹೇಳುವರು. ಕತೆಯೊಳಗಿನ ರಾಣಿ ಏನು ಮಾಡಬೇಕೆಂದು ಇವಳು ಹೇಳುವಳು. ಅದು ಆಗುತ್ತದೋ ಇಲ್ಲವೋ ಎಂಬುದನ್ನು ಇಪ್ಪತ್ತು ಮುಖದ ದಾಳ ಹೇಳುವುದು. ರಾಣಿಯ ಜೊತೆಗೊಂದು ಮುಧೋಳದ ನಾಯಿ. ನನ್ನ ಕೈಯಲ್ಲಿ ಎರಡು ತುತ್ತು ಉಣ್ಣಲು ಅಳುವ ಮಗು ಅಲ್ಲಿ ರಾಕ್ಷಸನೊಡನೆ ರಾಜಿ ಮಾತಾಡುತ್ತಿತ್ತು...

ಆಟದ ನಕಾಶೆಗೆ ಹಾಳೆ ಮಾತ್ರ ನನ್ನದು. ನಾನು ಗ್ರಾಫ್ ಹಾಳೆಯ ಮೇಲೆ ಸೀರೆಯ ದಡಿಗೆ, ಅಂದರೆ ಅಂಚಿಗೆ, ಡಿಸೈನ್ ಬರೆಯುವವಳು. ಚೌಕದ ಹಾಳೆ ಕೋಟೆ ಬರೆಯಲು ಛಲೋ ಎಂದು ಅಕ್ಕೋರು ಕೇಳಿ ಒಯ್ದಿದ್ದರು. ಹಾಳೆ ನನ್ನದು, ಮಗಳು ನನ್ನವಳು, ನಗು ಮಾತ್ರ ಮೇಲಿನ ಮನೆಯದು. ಹೊಟ್ಟೆ ಉರಿಯುತ್ತಿತ್ತು, ಸುಳ್ಳೇಕೆ ಹೇಳಲಿ.

ಒಂದು ದಿನ ಆ ಕೋಟೆಯ ಹಾಳೆಯನ್ನು ಮಗಳು ನನ್ನ ಮೇಜಿನ ಮೇಲೆ ಬಿಟ್ಟು ಹೋಗಿದ್ದಳು. ಅರ್ಧವೇ ಬರೆದಿತ್ತು. ರಾಣಿ ಹೊಕ್ಕಷ್ಟು ಕೋಣೆಗಳನ್ನು ಮಾತ್ರ ಬರೆಯುತ್ತಾರೆಂದು ನನಗೇನು ಗೊತ್ತು? ನಾನೂ ಏನಾದರೂ ಮಾಡಿಕೊಡಬೇಕೆನಿಸಿತು. ದಡಿಯ ಹೂವನ್ನು ಅರ್ಧ ಬರೆದು ಆ ಕಡೆಗೆ ಮಗುಚುವ ಹಾಗೆ, ಚೌಕ ಎಣಿಸಿ, ಅದೇ ಬಾಗಿಲು, ಅದೇ ಬಾವಿ, ಎಲ್ಲವನ್ನೂ ಶಾಯಿಯಲ್ಲಿ ತುಂಬಿದೆ. ಒಂದು ಚೌಕವೂ ತಪ್ಪಲಿಲ್ಲ.

ನೋಡಿದ ಮಗಳು ಬಿಕ್ಕಿ ಬಿಕ್ಕಿ ಅತ್ತಳು. "ಆ ಕಡೆ ಏನೈತಿ ಅಂತ ಯಾರಿಗೂ ಗೊತ್ತಾಗಬಾರದಿತ್ತು. ಎಲ್ಲಾ ಕೆಡಿಸಿದಿ ಅವ್ವಾ."

ಅವಳನ್ನು ಕರೆದುಕೊಂಡು ಮೇಲೆ ಹೋದೆ. ಅಕ್ಕೋರು ಹಾಳೆಯನ್ನು ಬಹಳ ಹೊತ್ತು ನೋಡಿದರು.

"ಅಳಬ್ಯಾಡ ಮಹಾರಾಣಿ. ಯಾವಾಕಿನೋ ಮಾಟಗಾತಿ ನಿನ್ನ ಕ್ವಾಟಿ ನಡುವ ಕನ್ನಡಿ ಇಟ್ಟಾಳ. ಆ ಕಡೆನೂ ನಿನ್ನಂಗ ಒಬ್ಬಾಕಿ ರಾಣಿ ಅದಾಳ. ಆಕಿ ನಾಯಿ ನಿನ್ನ ನಾಯಿನ್ನ ನೋಡಿ ಬೊಗಳಾಕತ್ತೈತಿ. ಏನ್ ಮಾಡ್ತಿ ಈಗ?"

ಮಗಳ ಅಳು ನಿಂತೇ ಹೋಯಿತು. ಅಕ್ಕೋರು ನನ್ನ ಕಡೆ ತಿರುಗಿ, "ಕೂಡ್ರಿ, ಮಾಟಗಾತಿ ನೀವ ಆಗ್ರಿ. ಅರ್ಧಾ ಕ್ವಾಟಿ ಕಟ್ಟಿದವರು ನೀವ ಅಲ್ಲೇನ್ರಿ" ಎಂದು ನಕ್ಕರು.

"ರೊಟ್ಟಿ ಬಡಿಯೂದೈತ್ರಿ" ಎಂದು ಕೆಳಗಿಳಿದೆ. ನನ್ನ ತಪ್ಪೂ ಅವರ ಬಾಯಲ್ಲಿ ಚಂದದ ಕತೆಯಾಯಿತಲ್ಲ, ಅದನ್ನೇ ತಾಳಲಾಗಲಿಲ್ಲ. ಆಮೇಲೆಯೂ ಎಷ್ಟೋ ಸಲ ಕರೆದರು. ನಾನು ಹೋಗಲಿಲ್ಲ.

ಮುಂದಿನ ಬೇಸಿಗೆಯಲ್ಲಿ ಅವರಿಗೆ ವರ್ಗವಾಯಿತು... ಹೋದ ವರ್ಷ ತೀರಿಕೊಂಡರೆಂದು ಯಾರೋ ಹೇಳಿದರು. ಮಗಳಿಗೆ ತಿಳಿಸಲಿಲ್ಲ.

ಅವಳಿಗೀಗ ಹದಿಮೂರು. ಭಾನುವಾರ ಓಣಿಯ ಹುಡುಗಿಯರನ್ನು ಕೂರಿಸಿಕೊಂಡು ತಾನೇ ಆಟ ನಡೆಸುತ್ತಾಳೆ. ಪ್ರಶ್ನೆ ಕೇಳಿ ಸುಮ್ಮನೆ ಕಾಯುವ ರೀತಿ ಥೇಟು ಅವರದೇ. ಮೊನ್ನೆ ಆಟದ ನಡುವೆಯೇ ಎದ್ದು ನನ್ನ ಹತ್ತಿರ ಬಂದಳು.

"ಅವ್ವಾ, ನಾ ಸಣ್ಣಾಕಿದ್ದಾಗ ಈ ಆಟ ನೀನ ಕಲಿಸಿದ್ದಿ ಹೌದಲ್ಲ? ಇವರು ನಂಬವಲ್ರು ನೋಡು."

ಒಲೆ ಸಣ್ಣ ಮಾಡಿದೆ. ಅಕ್ಕೋರ ಹೆಸರು ನಾಲಿಗೆಯ ತುದಿಯಲ್ಲೇ ಇತ್ತು.

"ಹೂಂ, ನಾನ" ಎಂದೆ.

"ಹೇಳಿದ್ನಿಲ್ಲೇನ್ರಲೇ" ಎನ್ನುತ್ತ ಅವಳು ಗೆಳತಿಯರ ಕಡೆ ಓಡಿದಳು. ಈ ಮನೆಯಲ್ಲಿ ಅಕ್ಕೋರ ನೆನಪಿರುವವಳು ನಾನೊಬ್ಬಳೇ. ಇಲ್ಲಿ ಬರೆದಿದ್ದೇನೆ, ಮಗಳಿಗೆ ಇನ್ನೂ ಹೇಳಿಲ್ಲ.